ಸಿಟ್ಟಿಗೂ ಹುದ್ದೆ ಗೊತ್ತು

"ನನಗೆ ಸಿಟ್ಟು ಜಾಸ್ತಿ, ಆದ್ರೆ ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ." ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಬೈದವರು ಮನಸ್ಸಿನಲ್ಲಿ ಇಟ್ಟುಕೊಳ್ಳದಿರಬಹುದು. ಬೈಸಿಕೊಂಡವರು ಮಾತ್ರ ಅದನ್ನು ಮನೆಗೆ ಒಯ್ದು, ರಾತ್ರಿಯಿಡೀ ಮಗ್ಗುಲು ಬದಲಿಸಿ, ಬೆಳಿಗ್ಗೆ ಎದ್ದು ಬೇರೆ ಕಡೆ ಕೆಲಸ ಹುಡುಕುತ್ತಾರೆ. ಬಸವಣ್ಣನವರು ಕಳವು, ಕೊಲೆ, ಸುಳ್ಳುಗಳ ಸಾಲಿನಲ್ಲೇ ಮುನಿಸನ್ನೂ ಸೇರಿಸಿ ಬೇಡವೆಂದರು. ನಮ್ಮ ಕಚೇರಿಗಳು ಅದಕ್ಕೆ 'ಖಡಕ್ ಆಫೀಸರ್' ಎಂಬ ಬಿರುದು ಕೊಟ್ಟು, ಜೊತೆಗೆ ಬಡ್ತಿಯನ್ನೂ ಕೊಡುತ್ತವೆ.

ಆ ಬಡ್ತಿ ಒಂದು ಹಂತದವರೆಗೆ ಮಾತ್ರ. ಹತ್ತು ಜನರ ತಂಡದಲ್ಲಿ ಕೂಗಾಡಿ ಕೆಲಸ ತೆಗೆಯಬಹುದು, ಏಕೆಂದರೆ ಎಲ್ಲವೂ ಕಣ್ಣೆದುರೇ ಇರುತ್ತದೆ. ನೂರು ಜನರನ್ನು ನಡೆಸುವ ಹೊತ್ತಿಗೆ, ಕೆಳಗಿನವರು ಬಾಯಿ ಬಿಟ್ಟು ಹೇಳಿದರಷ್ಟೇ ನಿಮಗೆ ವಿಷಯ ಗೊತ್ತಾಗುವುದು. ಕೂಗುವವರಿಗೆ ಯಾರೂ ತಪ್ಪನ್ನು ಬೇಗ ಹೇಳುವುದಿಲ್ಲ, ಮುಚ್ಚಿಡುತ್ತಾರೆ. ಅಲ್ಲಿಂದ ಮುಂದಿನ ಹುದ್ದೆ ನಿಮಗಿಂತ ತಣ್ಣಗಿರುವವರಿಗೆ ಹೋಗುತ್ತದೆ. "ಇದು ನನ್ನೊಬ್ಬನ ಕೈಲಿ ಆಗುವ ಕೆಲಸವಲ್ಲ, ಯಾರನ್ನಾದರೂ ಕೇಳಬೇಕು" ಎಂದು ಒಮ್ಮೆಯಾದರೂ ಅನಿಸಿದವರಿಗಾಗಿ ಈ ಸೂತ್ರಗಳು.

1. ಯಾರ ಮೇಲೆ ಬರುತ್ತದೆ, ಯಾರ ಮೇಲೆ ಬರುವುದಿಲ್ಲ ಎಂದು ಬರೆದಿಡಿ

ಕಳೆದ ತಿಂಗಳು ನೀವು ಸ್ವರ ಏರಿಸಿದವರ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಹೊಸದಾಗಿ ಸೇರಿದ ಟ್ರೈನಿ, ಕಾಫಿ ತಡ ಮಾಡಿದ ಆಫೀಸ್ ಬಾಯ್, ಗೇಟಿನಲ್ಲಿ ಐಡಿ ಕಾರ್ಡ್ ಕೇಳಿದ ಸೆಕ್ಯುರಿಟಿ, ಬಿಲ್ ಕಳಿಸಿದ ವೆಂಡರ್, ಸಂಜೆ ಕ್ಯಾಬ್ ಡ್ರೈವರ್. ಈಗ ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಿ: ಸಿಟ್ಟು ಬಂದರೂ ನುಂಗಿಕೊಂಡವರ ಹೆಸರು. ಎಂಡಿ, ದೊಡ್ಡ ಕ್ಲೈಂಟ್, ನಿಮ್ಮ ಅಪ್ರೈಸಲ್ ಬರೆಯುವವರು. ಎರಡೂ ಪಟ್ಟಿಗಳಲ್ಲಿರುವ ಜನರ ಸಂಬಳ ಹೋಲಿಸಿ ನೋಡಿ, ಸಾಕು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಎದುರಿಗಿರುವವರ ಹುದ್ದೆ ನೋಡಿಕೊಂಡು ಬರುವ ಸಿಟ್ಟನ್ನು 'ತಡೆಯಲಾಗದ ಸ್ವಭಾವ' ಎನ್ನುವುದು ಹೇಗೆ? ಎಂಡಿ ಮುಂದೆ ಅದು ಪ್ರತಿ ಸಲವೂ ನಿಲ್ಲುತ್ತದೆ. ಈ ಪಟ್ಟಿ ನೋಡಿದಾಗ ನಾಚಿಕೆಯಾಗುವುದು ಸಹಜ, ಆದರೆ ನಿಜವಾಗಿ ಇದು ಒಳ್ಳೆಯ ಸುದ್ದಿ: ತಡೆಯುವ ಶಕ್ತಿ ನಿಮ್ಮಲ್ಲಿ ಈಗಾಗಲೇ ಇದೆ, ಎಲ್ಲರ ಮುಂದೆಯೂ ಅದನ್ನು ಬಳಸುವುದಷ್ಟೇ ಅಭ್ಯಾಸವಾಗಬೇಕು. ಆಪ್ತಸಮಾಲೋಚಕರ ಬಳಿಗೆ ಹೋಗುವಾಗ ಈ ಹಾಳೆ ಕೈಯಲ್ಲಿರಲಿ. ಅರ್ಧ ಗಂಟೆಯ ಪೀಠಿಕೆ ಉಳಿಯುತ್ತದೆ.

2. ಹೊರಹಾಕಿದರೆ ಹಗುರಾಗುತ್ತದೆ ಎಂಬುದನ್ನು ನಂಬಬೇಡಿ

ದಿಂಬಿಗೆ ಗುದ್ದಿ, ಬಾಗಿಲು ಬಡಿಯಿರಿ, ಕಾರಿನಲ್ಲಿ ಕೂತು ಕಿರುಚಿ, ಆಗ ಎಲ್ಲಾ ಹೊರಗೆ ಹೋಗುತ್ತದೆ ಎಂಬ ಸಲಹೆ ಬಹಳ ಜನಪ್ರಿಯ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ಕಾಲೇಜು ವಿದ್ಯಾರ್ಥಿಗಳಿದ್ದರು. ಅವರು ಬರೆದ ಪ್ರಬಂಧವನ್ನು ಕಟುವಾಗಿ ಟೀಕಿಸಿ ಮೊದಲು ಸಿಟ್ಟು ಬರಿಸಲಾಯಿತು. ಆಮೇಲೆ ಕೆಲವರು ಟೀಕಿಸಿದವನನ್ನೇ ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದರು, ಕೆಲವರು ಬರೀ ವ್ಯಾಯಾಮವೆಂದುಕೊಂಡು ಗುದ್ದಿದರು, ಉಳಿದವರು ಎರಡು ನಿಮಿಷ ಸುಮ್ಮನೆ ಕೂತರು. ಟೀಕಾಕಾರನನ್ನು ನೆನೆದು ಗುದ್ದಿದವರ ಸಿಟ್ಟೇ ಹೆಚ್ಚು ಉಳಿಯಿತು. ಸುಮ್ಮನೆ ಕೂತವರು ಎಲ್ಲರಿಗಿಂತ ತಣ್ಣಗಿದ್ದರು.

ಅದೇ ಬುಷ್‌ಮನ್ ಸಹೋದ್ಯೋಗಿಯೊಬ್ಬರ ಜೊತೆ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಅದು. ಮೈಯನ್ನು ತಣಿಸುವ ಉಸಿರಾಟ, ಧ್ಯಾನ, ಯೋಗಗಳಿಂದ ಸಿಟ್ಟು ಇಳಿಯಿತು. ಮೈಯನ್ನು ಕೆರಳಿಸುವ ಕೆಲಸಗಳಿಂದ ಒಟ್ಟಾರೆ ಇಳಿಯಲಿಲ್ಲ, ಜಾಗಿಂಗ್‌ನಿಂದಂತೂ ಏರಿದ್ದೇ ಕಂಡಿತು. ಹೃದಯಕ್ಕೆ ಓಟ ಒಳ್ಳೆಯದೇ, ಬಿಡಬೇಡಿ. ಆದರೆ ಮೀಟಿಂಗಿನಿಂದ ಬುಸುಗುಡುತ್ತಾ ಹೊರಬಂದ ತಕ್ಷಣಕ್ಕೆ ಅದು ಮದ್ದಲ್ಲ. ಕ್ಯಾಂಟೀನಿನಲ್ಲಿ ಗೆಳೆಯರನ್ನು ಸೇರಿಸಿ ನಡೆದದ್ದನ್ನು ನಾಲ್ಕು ಸಲ ಬಣ್ಣಿಸುವುದೂ ಅಷ್ಟೆ. ಪ್ರತಿ ಸಲ ಹೇಳುವಾಗ ಸಿಟ್ಟು ಮತ್ತೊಮ್ಮೆ ಕಾಯುತ್ತದೆ.

3. ಮೊದಲು ಮಾಮೂಲಿ ಡಾಕ್ಟರ ಹತ್ತಿರ ಹೋಗಿ

ಎಲ್ಲಾ ಸಿಟ್ಟಿನ ಬೇರೂ ಮನಸ್ಸಿನಲ್ಲೇ ಇರುವುದಿಲ್ಲ. ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತದ ಜೊತೆ ಸಿಡುಕೂ ಬರುತ್ತದೆ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರ ಸಕ್ಕರೆ ಅಂಶ ಏಕಾಏಕಿ ಇಳಿದರೂ ಹಾಗೆಯೇ. ಸ್ಟೀರಾಯಿಡ್ ಮಾತ್ರೆಗಳು ಕೆಲವರನ್ನು ಕೆರಳಿಸುತ್ತವೆ. ನೈಟ್ ಶಿಫ್ಟ್‌ನಿಂದ ಕೆಟ್ಟ ನಿದ್ರೆ, ಗೊರಕೆಯಿಂದ ತುಂಡುತುಂಡಾದ ನಿದ್ರೆ, ಹಿಂದಿನ ರಾತ್ರಿಯ ಕುಡಿತ ಇವೂ ಪಟ್ಟಿಯಲ್ಲಿವೆ. ಖಿನ್ನತೆ ಎಂದರೆ ಮೂಲೆಯಲ್ಲಿ ಅಳುತ್ತಾ ಕೂರುವುದು ಎಂದು ತಿಳಿದವರೇ ಹೆಚ್ಚು. ಗಂಡಸರಲ್ಲಿ ಅದು ಎಷ್ಟೋ ಸಲ ಸಿಡಿಮಿಡಿಯ ವೇಷದಲ್ಲಿ ಬರುತ್ತದೆ. "ಇತ್ತೀಚೆಗೆ ಯಾಕೋ ಎಲ್ಲರ ಮೇಲೂ ರೇಗ್ತೀನಿ ಡಾಕ್ಟ್ರೇ" ಎಂದು ನೇರವಾಗಿ ಹೇಳಿ. ಗ್ಯಾಸ್ಟ್ರಿಕ್ ಎಂದು ಸುತ್ತಿ ಬಳಸಬೇಡಿ.

4. ಬಿಪಿ ಇದ್ದರೆ ಮುಂದೂಡಲೇಬೇಡಿ

ಕೋಪ ಸ್ಫೋಟಿಸಿದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಐದು ಪಟ್ಟು ಏರುತ್ತದೆ ಎಂದು ಹಾರ್ವರ್ಡ್‌ನ ಸಂಶೋಧಕರು 2014ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಆರೋಗ್ಯವಂತರಿಗೆ ಒಂದು ಸಲದ ಅಪಾಯ ಸಣ್ಣದು. ಹೃದಯದ ತೊಂದರೆ ಈಗಾಗಲೇ ಇದ್ದು ದಿನಕ್ಕೆ ನಾಲ್ಕು ಸಲ ರೇಗುವವರಿಗೆ ಆ ಸಣ್ಣದೇ ದೊಡ್ಡದಾಗುತ್ತದೆ.

5. ಅಲ್ಲಿ ಏನು ಮಾಡುತ್ತಾರೆ ಎಂದು ತಿಳಿದುಕೊಂಡು ಹೋಗಿ

"ಅವರು ಏನು ಮಾಡ್ತಾರೆ? ಉಪದೇಶ ತಾನೆ? ಅದನ್ನು ನಮ್ಮ ಅಜ್ಜಿಯೇ ಮಾಡುತ್ತಿದ್ದರು" ಎನ್ನುವವರಿದ್ದಾರೆ. ಸಿಟ್ಟಿಗೆ ಚಿಕಿತ್ಸೆ ಎಂಬುದಕ್ಕೆ ಒಂದು ವ್ಯವಸ್ಥಿತ ರೂಪ ಕೊಟ್ಟವರು ಕ್ಯಾಲಿಫೋರ್ನಿಯಾದ ರೇಮಂಡ್ ನೊವಾಕೊ, 1975ರಲ್ಲಿ. ಅವರ ಕ್ರಮದಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲು ನಿಮ್ಮ ಸಿಟ್ಟನ್ನು ಅರ್ಥ ಮಾಡಿಕೊಳ್ಳುವುದು: ಯಾವಾಗ, ಯಾರಿಂದ, ಯಾವ ಯೋಚನೆಯ ಬೆನ್ನಿಗೆ. ನಂತರ ಮೈ ತಣಿಸುವ, ಯೋಚನೆ ತಿರುಗಿಸುವ ಕೌಶಲ ಕಲಿಯುವುದು. ಕೊನೆಗೆ ನಿಮ್ಮನ್ನು ಕೆರಳಿಸುವ ಸನ್ನಿವೇಶವನ್ನೇ ಆ ಕೋಣೆಯಲ್ಲಿ ಮತ್ತೆ ಆಡಿಸಿ ಅಭ್ಯಾಸ ಮಾಡಿಸುವುದು, ಸಣ್ಣ ಕಿರಿಕಿರಿಯಿಂದ ಹಿಡಿದು ದೊಡ್ಡ ಅವಮಾನದವರೆಗೆ ಒಂದೊಂದೇ ಹೆಜ್ಜೆ. ಅಜ್ಜಿ ಈ ಮೂರನೆಯದನ್ನು ಮಾಡಿಸುತ್ತಿರಲಿಲ್ಲ.

ಯೋಚನೆ ತಿರುಗಿಸುವುದು ಎಂದರೆ ಏನು? ಬೆಳಿಗ್ಗೆ ಹತ್ತಕ್ಕೆ ಬರಬೇಕಾದ ರಿಪೋರ್ಟ್ ಹನ್ನೊಂದೂವರೆಯಾದರೂ ಬಂದಿಲ್ಲ ಎಂದಿಟ್ಟುಕೊಳ್ಳಿ. ತಡವಾದದ್ದು ನಿಜ. 'ಬೇಕಂತಲೇ ತಡ ಮಾಡಿದ್ದಾಳೆ, ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ' ಎಂಬುದು ನೀವು ಸೇರಿಸಿಕೊಂಡದ್ದು. ಸಿಟ್ಟಿನ ಬಹುಪಾಲು ಆ ಎರಡನೆಯದರಿಂದ ಬರುತ್ತದೆ. ಸಮಾಲೋಚಕರು ಕೇಳುವುದು ಇಷ್ಟೆ: ಬೇಕಂತಲೇ ಎನ್ನುವುದಕ್ಕೆ ಸಾಕ್ಷಿ ಏನು? ಮೊದಮೊದಲು ಈ ಪ್ರಶ್ನೆಯೇ ಸಿಟ್ಟು ಬರಿಸುತ್ತದೆ. ಅದೂ ಒಂದು ಅಭ್ಯಾಸವೇ.

ಮುನ್ಸೂಚನೆ ಗುರುತಿಸುವುದನ್ನೂ ಕಲಿಸುತ್ತಾರೆ. ಕಿವಿ ಬಿಸಿಯಾಗುವುದು, ದವಡೆ ಬಿಗಿಯುವುದು, ಕೈ ಮುಷ್ಟಿಯಾಗುವುದು ಎಲ್ಲರಿಗೂ ಸಾಮಾನ್ಯ. ಕನ್ನಡದವರಿಗೆ ಇನ್ನೊಂದು ಸೂಚನೆ ಇದೆ: ಇದ್ದಕ್ಕಿದ್ದಂತೆ ಏಕವಚನಕ್ಕೆ ಇಳಿಯುವುದು. ಬೆಳಿಗ್ಗೆಯಿಂದ "ನೋಡ್ರೀ" ಎನ್ನುತ್ತಿದ್ದವರ ಬಾಯಲ್ಲಿ "ಏನ್ ಮಾಡ್ತಿದ್ದೀಯ ನೀನು?" ಬಂತೆಂದರೆ ಅಲ್ಲೇ ನಿಲ್ಲಿ. "ಹತ್ತು ನಿಮಿಷ ಬಿಟ್ಟು ಮಾತಾಡೋಣ" ಎಂದು ಹೇಳಿ ಎದ್ದು ಹೋಗಿ. ಹೇಳದೆ ಎದ್ದು ಹೋದರೆ ಅದೂ ಒಂದು ಬೈಗುಳವೇ ಆಗುತ್ತದೆ. ಹೊರಗೆ ನಿಂತು, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ.

ಇದು ಎರಡು ಸಿಟ್ಟಿಂಗ್‌ನಲ್ಲಿ ಮುಗಿಯುವ ಕೆಲಸವಲ್ಲ, ಸಾಮಾನ್ಯವಾಗಿ ಕೆಲವು ವಾರ ಹಿಡಿಯುತ್ತದೆ. ಬರೀ ಸಿಟ್ಟಿಗೆಂದೇ ಮಾತ್ರೆ ಇಲ್ಲ. ಅದರ ಹಿಂದೆ ಖಿನ್ನತೆಯೋ ಆತಂಕವೋ ಇದ್ದರೆ ಅದಕ್ಕೆ ಇದೆ.

6. ಬೋರ್ಡು ನೋಡಿ ಒಳಗೆ ನುಗ್ಗಬೇಡಿ

'ಕೌನ್ಸೆಲರ್', 'ಲೈಫ್ ಕೋಚ್', 'ಆ್ಯಂಗರ್ ಎಕ್ಸ್‌ಪರ್ಟ್' ಎಂಬ ಬೋರ್ಡುಗಳು ಬೆಂಗಳೂರಿನಲ್ಲಿ ದರ್ಶಿನಿಗಳಷ್ಟೇ ಸಲೀಸಾಗಿ ಸಿಗುತ್ತವೆ. ವಾರಾಂತ್ಯದ ಕೋರ್ಸು ಮಾಡಿ ಸೋಮವಾರ ಫೀಸು ಕೇಳುವವರೂ ಅಲ್ಲಿದ್ದಾರೆ. ಮಾತಿನ ಚಿಕಿತ್ಸೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಅವರ ನೋಂದಣಿ ಇರಬೇಕು. ಆ ಸಂಖ್ಯೆ ಕೇಳಿ, ಅದರಲ್ಲಿ ಸಂಕೋಚ ಬೇಡ. ಔಷಧಿಯ ಅಗತ್ಯವಿದ್ದರೆ ಮನೋವೈದ್ಯರು, ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು.

ಬೆಂಗಳೂರಿನಲ್ಲಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. 'ಅಲ್ಲಿಗೆ ಹೋದರೆ ಹುಚ್ಚು ಅಂತಾರೆ' ಎಂಬ ಅಳುಕಿದ್ದವರಿಗೆ ಅದೇ ಸಂಸ್ಥೆ ಬಿಟಿಎಂ ಲೇಔಟ್‌ನಲ್ಲಿ ನಡೆಸುವ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ, ಆಸ್ಪತ್ರೆಯ ವಾತಾವರಣವಿಲ್ಲದ ಜಾಗ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಊರಿನಿಂದ ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಕೇಳಿ. 'ಮನೋಚೈತನ್ಯ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೂ ಗೊತ್ತುಪಡಿಸಿದ ದಿನ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ದಿನ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿದ ರಾಜ್ಯ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ದೊಡ್ಡ ಕಂಪನಿಗಳಲ್ಲಿ ಇಎಪಿ ಎಂಬ ಸೌಲಭ್ಯವಿರುತ್ತದೆ. ಹೊರಗಿನ ಸಂಸ್ಥೆಯೊಂದರ ಸಮಾಲೋಚಕರ ಜೊತೆ ಕೆಲವು ಸಿಟ್ಟಿಂಗ್ ಉಚಿತ. ಸೇರಿದ ದಿನ ಇಂಡಕ್ಷನ್‌ನಲ್ಲಿ ಅದರ ಸ್ಲೈಡ್ ತೋರಿಸಿರುತ್ತಾರೆ, ನೀವು ಆಗ ಮೊಬೈಲ್ ನೋಡುತ್ತಿದ್ದಿರಿ. ಈಗ ಹುಡುಕಿ.

7. ಆಫೀಸಿಗೆ ಗೊತ್ತಾಗುತ್ತದೆಯೇ?

ಜನರನ್ನು ಬಾಗಿಲಲ್ಲೇ ತಡೆಯುವ ಭಯ ಇದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ ಪ್ರಕಾರ ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆಯುವವರ ವಿವರ ಗೋಪ್ಯವಾಗಿರಬೇಕು. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ ಎಂಬಂತಹ ಕೆಲವೇ ವಿನಾಯಿತಿಗಳಿವೆ. ಅದೇ ಕಾಯ್ದೆಯ 21ನೇ ಕಲಂ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ. ಆದರೆ ಹೊರರೋಗಿಯಾಗಿ ತೆರುವ ಕೌನ್ಸೆಲಿಂಗ್ ಫೀಸು ನಿಮ್ಮ ಪಾಲಿಸಿಯಲ್ಲಿ ಸೇರಿದೆಯೇ ಎಂದು ಓದಿಯೇ ನಂಬಿ.

ನೀವಾಗಿ ಹೋದರೆ ಒಂದು, ಎಚ್‌ಆರ್ ಕಳಿಸಿ ಹೋದರೆ ಇನ್ನೊಂದು. ಎಚ್‌ಆರ್ ಕಳಿಸಿದ್ದರೆ ಮೊದಲ ಸಿಟ್ಟಿಂಗ್‌ನ ಮೊದಲ ನಿಮಿಷವೇ ಕೇಳಿ: "ನೀವು ಕಂಪನಿಗೆ ಏನು ಬರೆದು ಕಳಿಸುತ್ತೀರಿ? ಹಾಜರಾದೆ ಎಂದಷ್ಟೇ ಬರೆಯುತ್ತೀರೋ, ಮಾತಾಡಿದ್ದನ್ನೂ ಬರೆಯುತ್ತೀರೋ?" ಉತ್ತರ ಲಿಖಿತದಲ್ಲಿ ಇರಲಿ. ಆಮೇಲೆ ಬಾಯಿ ಬಿಡಿ.

8. ಶೋಕಾಸ್ ನೋಟಿಸಿಗಿಂತ ಮೊದಲು ಹೋಗಿ

ಬಡವನ ಕೋಪ ದವಡೆಗೆ ಮೂಲ. ಈ ಗಾದೆಗೆ ಕಾನೂನಿನಲ್ಲೂ ಜಾಗ ಸಿಕ್ಕಿದೆ. ಮೇಲಧಿಕಾರಿಯನ್ನು ಸಹೋದ್ಯೋಗಿಗಳೆದುರು ಅವಾಚ್ಯವಾಗಿ ಬೈದ ಕಾರ್ಮಿಕನೊಬ್ಬನ ವಜಾ ಸರಿಯೆಂದು ಸುಪ್ರೀಂ ಕೋರ್ಟ್ 2005ರಲ್ಲಿ, ಮಹೀಂದ್ರಾ ಅಂಡ್ ಮಹೀಂದ್ರಾ ಪ್ರಕರಣದಲ್ಲಿ, ಎತ್ತಿಹಿಡಿಯಿತು. ಮೇಲಿನವರು ಕೆಳಗಿನವರಿಗೆ ಬೈದದ್ದಕ್ಕೆ ಕೆಲಸ ಹೋದ ಸುದ್ದಿ ಅಷ್ಟಾಗಿ ಕೇಳಿಬರುವುದಿಲ್ಲ ಎಂಬುದನ್ನೂ ಗಮನಿಸಿ.

ಕೈ ಎತ್ತಿದರೆ ಅದು ಹಲ್ಲೆ, ಪೊಲೀಸ್ ಠಾಣೆಯ ವಿಷಯ. ಸಿಟ್ಟಿನ ಭರದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಸಹೋದ್ಯೋಗಿಯನ್ನು ನಾಲ್ಕು ಜನರೆದುರು ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. "ಸಿಟ್ಟಿನಲ್ಲಿ ಬಾಯಿಗೆ ಬಂತು" ಎಂಬ ಸಮಜಾಯಿಷಿ ನನಗಂತೂ ಒಪ್ಪಿಗೆಯಾಗುವುದಿಲ್ಲ. ಒಳಗೆ ಇಲ್ಲದ್ದು ಬಾಯಿಗೆ ಬರುವುದಿಲ್ಲ, ಅದಕ್ಕೆ ಬೇಕಾದ ಮದ್ದು ಕೋಪದ ಮದ್ದಿಗಿಂತ ಬೇರೆ.

ದೂರು ದಾಖಲಾದ ಮೇಲೆ ಕೌನ್ಸೆಲಿಂಗಿಗೆ ಹೋದರೆ ತಪ್ಪಿಸಿಕೊಳ್ಳಲು ಹೋದಂತೆ ಕಾಣುತ್ತದೆ. ಮೂರು ತಿಂಗಳು ಮೊದಲೇ ಹೋಗಿದ್ದರೆ ಅದೇ ದಾಖಲೆ ನಿಮ್ಮ ಪರ ಮಾತಾಡುತ್ತದೆ.

9. 'ಟು' ಜಾಗ ಖಾಲಿ ಬಿಡಿ

ಕಿಡಿ ಕಾರುವ ಮೇಲ್ ಬರೆಯಲೇಬೇಕಿದ್ದರೆ ವಿಳಾಸ ಹಾಕದೆ ಬರೆಯಿರಿ, ಬೆಳಿಗ್ಗೆ ಓದಿ. ಟೀಮಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಂತೂ ಸಂಜೆ ಏಳರ ಮೇಲೆ ಯಾರ ತಪ್ಪನ್ನೂ ಎತ್ತಬೇಡಿ. ಬಾಯಿಮಾತು ಮರೆತುಹೋದೀತು, ಸ್ಕ್ರೀನ್‌ಶಾಟ್ ಮರೆಯುವುದಿಲ್ಲ.

10. ಕ್ಷಮೆ ಕೇಳುವಾಗ 'ಆದ್ರೆ' ಬೇಡ

"ಸಾರಿ ಕಣಮ್ಮ, ಆದ್ರೆ ನೀನೂ ಹಾಗೆ ಮಾಡಬಾರದಿತ್ತು" ಎಂಬುದು ಎರಡನೇ ಸಲ ಬೈದಂತೆ. ಹತ್ತು ಜನರೆದುರು ಕೂಗಿ, ಕ್ಯಾಬಿನ್ನಿಗೆ ಒಬ್ಬರನ್ನೇ ಕರೆದು ಸಾರಿ ಕೇಳುವುದೂ ಮೋಸದ ಲೆಕ್ಕ. ಕೂಗಿದ ಜಾಗದಲ್ಲೇ, ಅದೇ ಜನರೆದುರು ಹೇಳಿ: "ನಿನ್ನೆ ನಾನು ಮಾತಾಡಿದ ರೀತಿ ತಪ್ಪು. ರಿಪೋರ್ಟಿನ ವಿಷಯ ಮಧ್ಯಾಹ್ನ ಕೂತು ನೋಡೋಣ." ಎರಡೇ ವಾಕ್ಯ. ಸಂಜೆ ಸ್ವೀಟ್ ಬಾಕ್ಸ್ ತರಿಸಿ ಹಂಚುವ ಅಗತ್ಯವಿಲ್ಲ.

11. ಸಿಟ್ಟೇ ಸರಿಯಾಗಿದ್ದರೆ ಕೌನ್ಸೆಲರ್ ಬೇಡ

ಇದನ್ನು ಹೇಳದೆ ಹೋದರೆ ಮೇಲಿನ ಹತ್ತೂ ಸೂತ್ರ ಮಾಲೀಕರಿಗೆ ಮಾತ್ರ ಅನುಕೂಲವಾಗುತ್ತವೆ. ಪೀಣ್ಯ, ಬೊಮ್ಮಸಂದ್ರ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ನೋಡಿ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಇರುತ್ತದೆ. ವಿದೇಶದ ಖರೀದಿದಾರ ಬೆಲೆ ಇಳಿಸಿ ಗಡುವು ಬಿಗಿ ಮಾಡುತ್ತಾನೆ, ಆ ಒತ್ತಡ ಪ್ರೊಡಕ್ಷನ್ ಮ್ಯಾನೇಜರ್ ಮೇಲೆ, ಅಲ್ಲಿಂದ ಫ್ಲೋರ್ ಇನ್‌ಚಾರ್ಜ್ ಮೇಲೆ, ಅಲ್ಲಿಂದ ಲೈನ್ ಸೂಪರ್‌ವೈಸರ್ ಮೇಲೆ, ಕೊನೆಗೆ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳ ತಲೆ ಮೇಲೆ ಬೈಗುಳವಾಗಿ ಬೀಳುತ್ತದೆ. ಅವಳು ತಿರುಗಿ ಒಂದು ಮಾತಾಡಿದರೆ "ನಿನಗೆ ಕೋಪ ಜಾಸ್ತಿ" ಎನ್ನುತ್ತಾರೆ. ಶೌಚಾಲಯಕ್ಕೆ ಎದ್ದುಹೋದ ನಿಮಿಷ ಎಣಿಸುವವರ ಮುಂದೆ ಉಸಿರಾಟದ ಅಭ್ಯಾಸ ಹೇಳಿಕೊಡುವುದು ಅವಮಾನ. ಅಲ್ಲಿ ಬೇಕಾದದ್ದು ಯೂನಿಯನ್, ಕುಂದುಕೊರತೆ ಸಮಿತಿ, ಕಾರ್ಮಿಕ ಇಲಾಖೆಯ ಅಧಿಕಾರಿ.

ಸಿಟಿ ಬಸ್ಸಿನ ಕಂಡಕ್ಟರ್, ಬ್ಯಾಂಕ್ ಕೌಂಟರಿನ ಗುಮಾಸ್ತೆ, ಸರ್ಕಾರಿ ಆಸ್ಪತ್ರೆಯ ನರ್ಸ್ ಇವರದೂ ಅರ್ಧ ಇದೇ ಕಥೆ. ಮೂರು ಜನರ ಕೆಲಸ ಒಬ್ಬರ ಮೇಲೆ ಹಾಕಿ, ಚಿಲ್ಲರೆಗೆ ಜಗಳ ಆಡಿದರೆಂದು ತರಬೇತಿಗೆ ಕಳಿಸಿದರೆ ವಾಪಸು ಬಂದ ಮಾರನೇ ದಿನ ಮತ್ತೆ ಜಗಳವೇ.

ಆದ್ದರಿಂದ ಒಂದು ಪರೀಕ್ಷೆ. ಈ ಕೆಲಸ ಬಿಟ್ಟು ಬೇರೆ ಕಡೆ ಸೇರಿದರೆ ಸಿಟ್ಟು ಕಡಿಮೆಯಾಗುತ್ತದೆ ಎನಿಸುತ್ತದೆಯೇ? ಹಿಂದಿನ ಎರಡು ಕಂಪನಿಗಳಲ್ಲಿ ಹೇಗಿತ್ತು? ಮನೆಯಲ್ಲಿ, ರಸ್ತೆಯಲ್ಲಿ? ಇಲ್ಲಿ ಮಾತ್ರ, ಒಬ್ಬರ ಮೇಲೆ ಮಾತ್ರ, ಒಂದು ಕಾರಣಕ್ಕೆ ಮಾತ್ರ ಎಂದಾದರೆ ಆ ಕಾರಣವನ್ನೇ ದೂರಾಗಿ ಬರೆಯಿರಿ. ಎಲ್ಲಾ ಕಡೆಯೂ ಎಂದಾದರೆ ಆರನೇ ಸೂತ್ರಕ್ಕೆ ವಾಪಸು ಹೋಗಿ. ಎರಡೂ ನಿಜವಾಗಿರಬಹುದು, ಆಗ ಎರಡನ್ನೂ ಮಾಡಿ.

12. ನೀವು ಮ್ಯಾನೇಜರ್ ಆಗಿದ್ದರೆ

ತಂಡದಲ್ಲಿ ಒಬ್ಬರು ಪದೇ ಪದೇ ರೇಗುತ್ತಿದ್ದರೆ "ನಿಮಗೆ ಟ್ರೀಟ್‌ಮೆಂಟ್ ಬೇಕು" ಎಂದು ಮೀಟಿಂಗಿನಲ್ಲಿ ಹೇಳಬೇಡಿ, ತಮಾಷೆಗೂ ಹೇಳಬೇಡಿ. ಬೇರೆಯಾಗಿ ಕರೆದು ನಡೆದದ್ದನ್ನಷ್ಟೇ ಹೇಳಿ: "ಮಂಗಳವಾರ ಕ್ಲೈಂಟ್ ಕಾಲ್‌ನಲ್ಲಿ ಫೋನ್ ಬಿಸಾಡಿದಿರಿ. ನಿನ್ನೆ ಟೆಸ್ಟಿಂಗ್ ಹುಡುಗಿಯ ಮೇಲೆ ಕೂಗಿದಿರಿ." ಸ್ವಭಾವದ ಬಗ್ಗೆ ತೀರ್ಪು ಬೇಡ. ಕಂಪನಿಯ ಇಎಪಿ ಸಂಖ್ಯೆ ಕೊಡಿ, ವಾರಕ್ಕೆ ಒಂದು ಗಂಟೆ ಬಿಡುವು ಕೊಡಿ, ಎಲ್ಲಿಗೆ ಹೋದಿರಿ ಎಂದು ಕೇಳಬೇಡಿ. ಬೈಸಿಕೊಂಡ ಹುಡುಗಿಯನ್ನೂ ಅದೇ ದಿನ ಮಾತಾಡಿಸಿ. ಕೂಗಿದವರಿಗೆ ನೆರವು, ಕೂಗಿಸಿಕೊಂಡವರಿಗೆ "ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ವ್ಯವಸ್ಥೆಯಿಂದ ಯಾರಿಗೂ ನ್ಯಾಯ ಸಿಗುವುದಿಲ್ಲ.

13. ಒಂದು ಸಂಖ್ಯೆ ಫೋನಿನಲ್ಲಿ ಸೇವ್ ಮಾಡಿ

ಅಪಾಯಿಂಟ್‌ಮೆಂಟ್, ಫೀಸು, ರಜೆ ಇವೆಲ್ಲ ಹೊಂದಿಸುವ ಹೊತ್ತಿಗೆ ಹೋಗಬೇಕೆಂಬ ಮನಸ್ಸೇ ಹೋಗಿರುತ್ತದೆ. ಹಾಗಾಗಬಾರದು ಎಂದಾದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮನಸ್‌ಗೆ ಕರೆ ಮಾಡಿ. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ತರಬೇತಿ ಪಡೆದ ಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮುಂದೆ ತಜ್ಞರಿಗೆ ದಾಟಿಸುತ್ತಾರೆ. "ಆಫೀಸಲ್ಲಿ ಸಿಟ್ಟು ತಡೆಯೋಕೆ ಆಗ್ತಿಲ್ಲ" ಎಂಬ ಒಂದು ವಾಕ್ಯದಿಂದ ಶುರು ಮಾಡಿದರೆ ಸಾಕು, ಮುಂದಿನದನ್ನು ಅವರು ಕೇಳುತ್ತಾರೆ. ಈ ವಾರ ಯಾರ ಮೇಲಾದರೂ ಕೂಗಿದ್ದರೆ ಇವತ್ತೇ ಮಾಡಿ. ಸಂಖ್ಯೆ 14416. ಕನ್ನಡದಲ್ಲಿ, ದಿನದ 24 ಗಂಟೆ, ಉಚಿತ.